ನೆಗ್ಗಿನ ತೂಕ

ಅಮೀನಗಡದ ಬಸ್ ಸ್ಟ್ಯಾಂಡಿನ ಹಿಂದ, ಪತ್ರಾಸಿನ ಶೆಡ್ಡಿನಾಗ
ಐದು ಮಂದಿ ಹೆಂಗಸರು, ಎರಡು ಒಲಿ, ಒಂದು ಹೊಸಾ ತಕ್ಕಡಿ.
ಕರೆಂಟಿನದು. ಕೆಂಪು ಅಂಕಿ ತೋರಸತೈತಿ.
ಫ್ಯಾನ್ ಹಚ್ಚಿದ್ರ ಗಾಳಿಗೂ ಎರಡು ಗ್ರಾಂ ಅಂತೈತಿ.

ಕರದಂಟಿನ ಡಬ್ಬಿಗೆ ಚೀಟಿ ಬೇಕು, ಚೀಟಿಗೆ ಗ್ರಾಂ ಬೇಕು.
ಬರಿಯಾಕಿ ನಾನು, ಬಿ.ಕಾಂ. ಎರಡನೇ ವರ್ಷದ ತನಕ ಓದಿದಾಕಿ.
ಹೇಳಾಕಿ ನಿಂಬೆವ್ವ. ಆಕಿ ಕೈಯಾಗ ಹಿತ್ತಾಳಿ ಅಚ್ಛೇರು,
ಒಂದು ಮಗ್ಗಲಾ ನೆಗ್ಗಿದ್ದು.

"ಬರಿ. ಅಂಟು, ಒಂದು ಅಚ್ಛೇರು."
ಕರಿಯೂ ಮೊದಲೋ, ಕರದ ಮ್ಯಾಲೋ?
ಕಾದ ತುಪ್ಪಕ್ಕ ಬಿದ್ದ ಅಂಟು ಚಟಪಟ ಅರಳಿ
ಒಂದಿದ್ದದ್ದು ನಾಕಾಗತೈತಿ.
ತಕ್ಕಡಿಗೆ ಆ ಸಡಗರ ಗೊತ್ತಿಲ್ಲ:
ಆಗೂ ಅಷ್ಟ, ಈಗೂ ಅಷ್ಟ, ಕುಡಿದ ತುಪ್ಪ ಒಂದೀಟು ಹೆಚ್ಚು.

"ಕೊಬ್ಬರಿ, ಎರಡು ಅಚ್ಛೇರು."
ಉದುರುದುರು ತುಂಬಿದ್ರ ನೂರಾ ಅರವತ್ತು,
ಹೆಬ್ಬಟ್ಟಿಲೆ ಒತ್ತಿದ್ರ ಎರಡನೂರಾ ಹತ್ತು.
"ಒತ್ತತಿಯೋ ಇಲ್ಲೋ, ಅತ್ತಿ?"
"ನೆಂಟರಿಗಾದ್ರ ಒತ್ತತೀನಿ."

ಗಸಗಸಿ ಒಂದು ಹಿಡಿ. ಯಾರ ಹಿಡಿ?
ಐದೂ ಮಂದಿ ಕೈ ಮುಷ್ಟಿ ಮಾಡಿ ತಕ್ಕಡಿಗೆ ಸುರುವಿದಿವಿ:
ನಂದು ಮೂವತ್ತೊಂದು,
ಮಗ್ಗ ಬಿಟ್ಟು ಬಂದ ದಾನಮ್ಮಂದು ನಲವತ್ತನಾಕು,
ಹುಸೇನಬಿ ನಗತಾ ನಗತಾ ಅರ್ಧಾ ಚೆಲ್ಲಿದಳು, ಆಕೀದು ಬರೀಲಿಲ್ಲ.

ಜಾಜಿಕಾಯಿ ಒಂದು ಚಿಟಿಕಿ.
ತಕ್ಕಡಿ ಸೊನ್ನಿ ಅಂತು.
ಮತ್ತೊಂದು ಚಿಟಿಕಿ. ಮತ್ತ ಸೊನ್ನಿ.
ಶೆಡ್ಡಿನ ತುಂಬ ಘಮಘಮ, ತಕ್ಕಡಿ ಮಾತ್ರ ಸೊನ್ನಿ.

"ಸೇರು ಅಂದ್ರ ತೂಕೋ, ಅಳತಿಯೋ?" ಕೇಳಿದೆ.
"ಕಾಳು ಅಳದ್ರ ಅಳತಿ, ಬೆಲ್ಲ ತೂಗಿದ್ರ ತೂಕ,
ಹೊತ್ತಾತು, ಮನಿ ಸೇರು, ಅಂದ್ರ ಅದೂ ಸೇರ ಹೌದು."

ಮರುದಿನ ಆಕಿ ಕಣ್ಣು ತೋರಸಾಕ ಹುನಗುಂದಕ್ಕ ಹೋದಳು,
ಅಚ್ಛೇರು ಮನ್ಯಾಗಿಟ್ಟು, ಕೀಲಿ ಹಾಕಿ.
ನಾನು ಅಂಗಡಿಯಿಂದ ಹೊಸಾ ಸ್ಟೀಲಿನ ಅಚ್ಛೇರು ತಂದೆ,
ತಳಕ್ಕ ಮುದ್ರಿ ಇದ್ದದ್ದು, ಒಂದು ಗೆರಿನೂ ಇಲ್ಲದ್ದು.
ಅದರಲೆ ಬೆಲ್ಲ ಅಳದು ಪಾಕಕ್ಕಿಟ್ಟೆ.
ಸಂಜಿಗೆ ಕರದಂಟು ಕಲ್ಲಾಗಿತ್ತು.
ಕಾಶೀಬಾಯಿ ಒಂದು ತುಂಡು ನೆಲಕ್ಕ ಒಗದು ನೋಡಿದಳು:
ನೆಲ ಒಡೀಲಿಲ್ಲ ಅನ್ನೂದೊಂದ ಪುಣ್ಯ.

ಹೊಳ್ಳಿ ಬಂದ ನಿಂಬೆವ್ವ ಬೈಲಿಲ್ಲ.
ಎರಡೂ ಅಚ್ಛೇರಿನಾಗ ಅಂಚಿನ ಮಟ ನೀರು ತುಂಬಿಸಿ ತೂಗಸಿದಳು.
ಹೊಸಾದ್ರಾಗಿನ ನೀರು ಐದನೂರು.
ಹಳೇದ್ರಾಗಿಂದು ನಾನೂರಾ ಐವತ್ತೈದು.
ನಲವತ್ತೈದು ಗ್ರಾಂ. ಅಷ್ಟು, ಆ ನೆಗ್ಗಿನ ತೂಕ.

ನೆಗ್ಗಿದ್ದು ಹ್ಯಾಂಗ?
ಬಾವಿಗೆ ಬಿದ್ದಿತ್ತು, ಅಂತಾಳ ದಾನಮ್ಮ.
ಗಂಡನ ಬೆನ್ನಿಗೆ, ಅಂತಾಳ ಹುಸೇನಬಿ, ದನಿ ತಗ್ಗಿಸಿ.
ನಿಂಬೆವ್ವನ ಕೇಳಿದ್ರ:
"ಕ್ಯಾಲೆಂಡರಿಗೆ ಮಳಿ ಹೊಡದಿದ್ದೆ. ಸುತಿಗಿ ಸಿಗಲಿಲ್ಲ."

ಈ ಊರಾಗ ನಲವತ್ತು ವರ್ಷ ಬಾಣಂತ್ಯಾರು ತಿಂದ ಸವಿ
ಒಂದು ಮಳಿಯಿಂದ ಬಂದದ್ದು.
ಇದನ್ನ ಚೀಟ್ಯಾಗ ಹ್ಯಾಂಗ ಬರೀಲಿ?
ಬೆಲ್ಲ: ಮುನ್ನೂರಾ ಅರವತ್ತು ಗ್ರಾಂ, ಅಂತ ಬರದೆ.
ಅಷ್ಟ ಬರದೆ.

ಪೆನ್ನು ಮುಚ್ಚೂದ್ರಾಗ ಆಕಿ ಹೊಸಾ ಅಚ್ಛೇರು ತಗೊಂಡು
ಹೊಸ್ತಲಾ ಕಲ್ಲಿಗೆ ಒಂದು ಕುಟ್ಟು ಕುಟ್ಟಿದಳು.
ನೀರು ತುಂಬಿಸಿ ಮುಂದ ಹಿಡಿದಳು: "ಎಷ್ಟಾತು?"
"ನಾನೂರಾ ತೊಂಬತ್ತೊಂದು."
ಮತ್ತೊಂದು ಕುಟ್ಟು.
"ನಾನೂರಾ ಎಪ್ಪತ್ತಾರು."
ಸೆರಗು ಸೊಂಟಕ್ಕ ಸಿಗಿಸಿ, ಬಗ್ಗಿ, ಅಂಕಿ ಹತ್ರ ಮಾರಿ ತಂದು
ನೋಡಿದಳು, ಆಪರೇಷನ್ ಆಗಬೇಕಾದ ಕಣ್ಣಿಲೆ.
"ಇನ್ನ ಒಂದೀಟು," ಅಂದು
ಕೈ ಎತ್ತಿದಳು.